ಅಂಕಯ್ಯ ಮೇಷ್ಟ್ರು ಕಲಿಸಿದ ರೋಷ

ಅಂಕಯ್ಯನವರು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವರು. ಮಾಗಡಿ, ರಾಮನಗರ, ಕನಕಪುರದ ನಡುವೆ ಅವರ ಸೀಟಿ ಕೇಳಿಸದ ಊರಿರಲಿಲ್ಲ. ಈಗ ರಿಟೈರಾಗಿ ನಾಲ್ಕು ವರ್ಷ. ಆದರೂ ಆ ಸೀಮೆಯಲ್ಲಿ ಕಂಡಕ್ಟರ್ ಅಂಕಯ್ಯ ಎಂದರೆ ಅರ್ಧ ಜನಕ್ಕೆ ಗುರುತು ಹತ್ತುವುದಿಲ್ಲ. ನಾಟಕದ ಮೇಷ್ಟ್ರು ಎಂದು ಕೇಳಿದರೆ ರಾಮನಗರದ ರೈಲು ಹಳಿಯ ಆಚೆ ಇರುವ ಅವರ ಮನೆಯ ಬಾಗಿಲವರೆಗೂ ಯಾರಾದರೂ ಕರೆತಂದು ಬಿಡುತ್ತಾರೆ. ರೈತರಿಗೆ, ಹಾಲಿನ ಡೇರಿಯ ಸೆಕ್ರೆಟರಿಗೆ, ಆಟೋ ಓಡಿಸುವವರಿಗೆ ಹಾರ್ಮೋನಿಯಂ ಹಿಡಿದು ಹಾಡು ಕಲಿಸಿ, ಮಾತು ತಿದ್ದಿ, ಮೂರು ತಿಂಗಳಲ್ಲಿ ಅವರನ್ನು ರಾಜ ಮಂತ್ರಿಗಳನ್ನಾಗಿ ಮಾಡಿ ರಂಗದ ಮೇಲೆ ನಿಲ್ಲಿಸುವುದು ಅವರ ಕಸುಬು. ಆ ಕೆಲಸದಲ್ಲಿ ಅವರಿಗೆ ಸಿಗುವ ಸಂತೋಷವನ್ನು ಕಂಡು ಹೆಂಡತಿ ಮುನಿರತ್ನಮ್ಮ ಎಷ್ಟೋ ಸಲ ಅಂದಿದ್ದುಂಟು: "ನೀವು ಬಸ್ಸಲ್ಲಿ ಇದ್ದಾಗ್ಲೂ ಇಷ್ಟು ನಗ್ತಾ ಮನೆಗೆ ಬಂದೋರಲ್ಲ ಬುಡಿ."

ಅವರು ಮೊದಮೊದಲು ಕಲಿತದ್ದು ಯಾರೂ ಕಲಿಸಿ ಅಲ್ಲ. ಅಂಕಯ್ಯ ಹುಡುಗನಾಗಿದ್ದಾಗ ಊರಲ್ಲಿ ನಾಟಕವಾದರೆ ಕಾಲೋನಿಯ ಜನ ಚಪ್ಪರದ ಮುಂದೆ ಕೂರುವಂತಿರಲಿಲ್ಲ. ಅವನು ರಂಗದ ಹಿಂಬದಿಗೆ ಹೋಗಿ, ಪರದೆಯ ಸಂದಿಯಲ್ಲಿ ಮುಖವಿಟ್ಟು ನೋಡುತ್ತಿದ್ದ. ಅವನಿಗೆ ಕಾಣುತ್ತಿದ್ದುದು ಪಾತ್ರಧಾರಿಗಳ ಬೆನ್ನು ಮಾತ್ರ. ಕಿವಿಗೆ ಬಿದ್ದದ್ದನ್ನೆಲ್ಲ ಹಿಡಿದಿಟ್ಟುಕೊಂಡ. ಒಂದು ಸಲ ಮಂತ್ರಿಯ ಪಾತ್ರದವನಿಗೆ ಮಾತು ಮರೆತುಹೋಗಿ ರಂಗ ಗಪ್ಪಾಯಿತು. ಪರದೆಯ ಹಿಂದಿನಿಂದ ಒಂದು ಎಳೆಯ ದನಿ ಮುಂದಿನ ಸಾಲನ್ನು ಪಿಸುಗುಟ್ಟಿತು. ಮಂತ್ರಿ ಬದುಕಿಕೊಂಡ. ಹಾರ್ಮೋನಿಯಂ ಹಿಡಿದಿದ್ದ ನರಸಯ್ಯ ಮೇಷ್ಟ್ರು ಆಟ ಮುಗಿದ ಮೇಲೆ ಆ ಹುಡುಗನನ್ನು ಹುಡುಕಿಕೊಂಡು ಹೋದರು. ಊರಿನವರು ಮುಖ ಸಿಂಡರಿಸಿದರೂ ಲೆಕ್ಕಿಸದೆ ಪಕ್ಕದಲ್ಲಿ ಕೂರಿಸಿಕೊಂಡು ಸ್ವರ ಕಲಿಸಿದರು. ಸಾಯುವ ಮುಂಚೆ ತಾವೇ ಬರೆದ ಒಂದು ನಾಟಕದ ನೋಟ್‌ಬುಕ್ಕನ್ನೂ ಅಂಕಯ್ಯನ ಕೈಗಿತ್ತರು. ನಾಟಕದ ಹೆಸರು 'ತೂಬಿನ ಬಾಗಿಲು'.

ಕಥೆ ದೊಡ್ಡದೇನಲ್ಲ. ಅಣ್ಣ ತಮ್ಮ ಇಬ್ಬರೂ ಪಾಳೆಯಗಾರರು, ಇಬ್ಬರ ಸೀಮೆಗೂ ಒಂದೇ ಕೆರೆ. ಯಾವುದೋ ಸಣ್ಣ ಮಾತಿಗೆ ಮುನಿದ ಅಣ್ಣ ಕೆರೆಯ ತೂಬಿಗೆ ಬೀಗ ಹಾಕಿಸುತ್ತಾನೆ. ತಮ್ಮನ ಗದ್ದೆ ಒಣಗುತ್ತದೆ. ತಮ್ಮನ ಕಡೆಯವರು ತೂಬು ಒಡೆಯುತ್ತಾರೆ. ಒಂದು ಹೆಣ ಬೀಳುತ್ತದೆ, ಅದಕ್ಕೆ ಎರಡು. ಕೊನೆಗೆ ಇಬ್ಬರೂ ಕತ್ತಿ ಹಿಡಿದು ಎದುರಾದಾಗ ಅವರ ಒಬ್ಬಳೇ ತಂಗಿ ಓಡಿ ಬಂದು ನಡುವೆ ನಿಲ್ಲುತ್ತಾಳೆ, ಬೀಸಿದ ಕತ್ತಿಗೆ ಬಲಿಯಾಗುತ್ತಾಳೆ. ಅವಳ ಚಟ್ಟಕ್ಕೆ ಅಣ್ಣ ತಮ್ಮ ಇಬ್ಬರೂ ಹೆಗಲು ಕೊಡುವಲ್ಲಿಗೆ ನಾಟಕ ಮುಗಿಯುತ್ತದೆ. ಅಂಕಯ್ಯನವರು ಇದನ್ನು ಹದಿನಾಲ್ಕು ಊರಿನಲ್ಲಿ ಕಲಿಸಿದ್ದರು. ಹದಿನೈದನೆಯ ಊರು ಹುಣಸೆಕಟ್ಟೆದೊಡ್ಡಿ.

ಕನಕಪುರದಿಂದ ಕಬ್ಬಾಳಿನ ಕಡೆ ಹೋಗುವ ರಸ್ತೆಯಿಂದ ಒಳಗೆ ಎರಡು ಕಿಲೋಮೀಟರ್ ದೂರದ ಆ ಊರಿನಲ್ಲಿ ಎರಡು ಮನೆತನಗಳ ನಡುವೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಬೈರಪ್ಪ ಮತ್ತು ಕೆಂಪರಾಜು ದಾಯಾದಿಗಳು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಬೈರಪ್ಪನದು ರೇಷ್ಮೆ, ಕೆಂಪರಾಜುವಿನದು ಟೊಮೆಟೊ. ಒಂದು ದಿನ ಕೆಂಪರಾಜು ಟೊಮೆಟೊಗೆ ಔಷಧಿ ಹೊಡೆದ. ಗಾಳಿ ತಿರುಗಿ ಅದು ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು. ಆ ಸೊಪ್ಪು ತಿಂದು ಬೈರಪ್ಪನ ಹುಳು, ಇನ್ನೇನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಿದ್ದದ್ದು, ಒಂದೇ ಹೊತ್ತಿಗೆ ಸತ್ತು ಮಲಗಿತು. ಬೇಕೆಂದೇ ಮಾಡಿದ ಎಂದು ಬೈರಪ್ಪ ನಂಬಿದ. ತನ್ನ ಹೊಲದ ನಡುವೆ ಕೆಂಪರಾಜುವಿನ ತೋಟದ ಮನೆಗೆ ಹೋಗುತ್ತಿದ್ದ ಗಾಡಿದಾರಿಗೆ ಗೇಟು ನಿಲ್ಲಿಸಿ ಬೀಗ ಹಾಕಿದ. ಆರು ತಿಂಗಳ ನಂತರ ಕೆಂಪರಾಜುವಿನ ತಂದೆಗೆ ಎದೆನೋವು ಬಂತು. ಆಟೋ ಗೇಟಿನ ಆಚೆಯೇ ನಿಂತಿತು. ಮುದುಕನನ್ನು ಮಂಚದ ಮೇಲೆ ಹೊತ್ತು ಹಳ್ಳ ಸುತ್ತಿಕೊಂಡು ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಅಲ್ಲಿಂದ ಮುಂದೆ ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇದೆಲ್ಲ ಅಂಕಯ್ಯನವರಿಗೆ ಗೊತ್ತಿತ್ತು. ಬಸ್ಸಿನಲ್ಲಿ ಮೂವತ್ತೊಂದು ವರ್ಷ ನಿಂತವರಿಗೆ ಯಾವ ಊರಿನ ಯಾವ ಸುದ್ದಿಯೂ ತಪ್ಪುವುದಿಲ್ಲ. ಊರಿನವರು ನಾಟಕ ಆಡಬೇಕೆಂದು ಕರೆದಾಗ ಬೈರಪ್ಪ ಅಣ್ಣನ ಪಾತ್ರ ಕೇಳಿದ, ಕೆಂಪರಾಜು ತಮ್ಮನ ಪಾತ್ರ ಕೇಳಿದ. ಇಬ್ಬರಿಗೂ ಕಂಚಿನ ಕಂಠ. ಹರೆಯದಲ್ಲಿ ಒಂದೇ ನಾಟಕದಲ್ಲಿ ಜೋಡಿಯಾಗಿ ಪಾತ್ರ ಮಾಡಿದವರು. ಒಬ್ಬನು ಬಿಟ್ಟರೆ ಇನ್ನೊಬ್ಬನು ಗೆದ್ದಂತಾಗುತ್ತದೆ ಎಂಬ ಹಟಕ್ಕೆ ಇಬ್ಬರೂ ಬಿಡಲಿಲ್ಲ. ಊರಿನ ಹಿರಿಯ ಮುನಿಶಾಮಯ್ಯ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಹೇಳಿದ: "ಬ್ಯಾಡ ಮೇಷ್ಟ್ರೇ. ಅವ್ರಿಬ್ರ ಕೈಗೆ ಕತ್ತಿ ಕೊಡಬ್ಯಾಡಿ, ಅದು ಮರದ್ದಾದ್ರೂ ಸೈಯೆ."

ಅಂಕಯ್ಯನವರು ನಕ್ಕರು. "ಸೀಟಿಗೆ ಜುಟ್ಟು ಹಿಡ್ಕೊಂಡೋರನ್ನ ದಿನಾ ಬುಡಿಸಿವ್ನಿ ಕನಣ್ಣ. ನನಗೆ ಬುಡಿ."

ಸಮುದಾಯ ಭವನದಲ್ಲಿ ಸಂಜೆ ಆರಕ್ಕೆ ಅಭ್ಯಾಸ ಶುರುವಾಯಿತು. ಮೊದಲ ವಾರದಲ್ಲೇ ಅಂಕಯ್ಯನವರ ಕಿವಿ ನಿಮಿರಿತು. ಬೇರೆ ಊರುಗಳಲ್ಲಿ ಅಣ್ಣ ತಮ್ಮ ಬೈದಾಡುವ ದೃಶ್ಯಕ್ಕೆ ಜೀವ ತುಂಬಿಸಲು ತಿಂಗಳು ಹಿಡಿಯುತ್ತಿತ್ತು. ಇಲ್ಲಿ ಇಬ್ಬರೂ ಎದುರುಬದುರು ನಿಂತು ಮೊದಲ ಮಾತು ಆಡಿದ್ದೇ ತಡ, ಭವನದೊಳಗಿದ್ದವರೆಲ್ಲ ಬೀಡಿ ಸೇದುವುದನ್ನು ಮರೆತರು. ಹನ್ನೊಂದು ವರ್ಷ ಒಬ್ಬರಿಗೊಬ್ಬರು ಆಡದೆ ಇಟ್ಟುಕೊಂಡಿದ್ದ ಮಾತೆಲ್ಲ ನರಸಯ್ಯ ಮೇಷ್ಟ್ರು ಬರೆದ ಮಾತಿನ ಒಳಗೆ ನುಗ್ಗಿ ಹೊರಗೆ ಬರುತ್ತಿತ್ತು. ಮೇಷ್ಟ್ರು ರಾತ್ರಿ ಊಟಕ್ಕೆ ಕೂತಾಗ ಮುನಿರತ್ನಮ್ಮನಿಗೆ ಅದನ್ನೇ ಹೇಳಿದರು. "ಹದಿನಾಲ್ಕು ಊರಲ್ಲಿ ಇಂಥ ಸೀನು ಕಂಡಿಲ್ಲ ಕಣೆ ನಾನು."

"ಅವ್ರು ಸೀನು ಮಾಡ್ತಾವ್ರೋ, ನಿಜವಾಗ್ಲೂ ಜಗಳ ಆಡ್ತಾವ್ರೋ, ಒಸಿ ನೋಡ್ಕಳಿ," ಅಂದಳು ಆಕೆ.

ಮೇಷ್ಟ್ರು ನೋಡಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಅದಕ್ಕೆ ಇನ್ನಷ್ಟು ಗಾಳಿ ಹಾಕಿದರು. ಏಳನೆಯ ವಾರ ಕತ್ತಿವರಸೆಯ ದೃಶ್ಯ ಬಂದಾಗ ಕೆಂಪರಾಜುವಿನ ರೋಷ ಯಾಕೋ ತುಸು ತಗ್ಗಿದಂತೆ ಅವರಿಗೆ ಕಂಡಿತು. ಹೊರಗೆ ಕರೆದುಕೊಂಡು ಹೋಗಿ ಭುಜದ ಮೇಲೆ ಕೈ ಹಾಕಿದರು. "ಕೆಂಪರಾಜಣ್ಣ, ಕತ್ತಿ ಎತ್ತೋವಾಗ ನಿಮ್ಮಪ್ಪನ್ನ ನೆನೆಸ್ಕೊಳಿ. ಆ ಮಂಚ, ಆ ಗೇಟು, ಎಲ್ಲಾನೂ ನೆನೆಸ್ಕೊಳಿ. ರೋಷ ತಾನಾಗೇ ಬತ್ತದೆ."

ಕೆಂಪರಾಜು ಒಳಗೆ ಬಂದು ಅಭ್ಯಾಸಕ್ಕೆ ಕತ್ತಿಯ ಬದಲಿಗಿದ್ದ ಬಿದಿರಿನ ಕೋಲು ಹಿಡಿದು ನಿಂತ. ಮೇಷ್ಟ್ರು ಹಾರ್ಮೋನಿಯಂ ಒತ್ತಿ, "ಇನ್ನೂ ಒಸಿ ರೋಷ ಬರ್ಲಿ!" ಎಂದು ಕೂಗಿದರು. ಎರಡು ಏಟು ತಾಳಕ್ಕೆ ಸರಿಯಾಗಿ ಬಿದ್ದವು. ಮೂರನೆಯದು ತಾಳದಲ್ಲಿರಲಿಲ್ಲ. ಕೋಲು ಬೈರಪ್ಪನ ಹಣೆಯ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಬೈರಪ್ಪ ಕುಸಿದು ಕೂತ. ರಕ್ತ ಕಣ್ಣಿಗಿಳಿಯಿತು. ಕೆಂಪರಾಜು ಇನ್ನೊಂದು ಏಟಿಗೆ ಕೋಲೆತ್ತಿದವನು ಹಾಗೆಯೇ ನಿಂತುಬಿಟ್ಟ; ಕೋಲು ತಾನಾಗಿ ಕೈಯಿಂದ ಜಾರಿತು.

ಬೈರಪ್ಪನ ಮಗ ಅಶ್ವಥ್ ಬಾಗಿಲಲ್ಲಿ ನಿಂತು ಅಭ್ಯಾಸ ನೋಡುತ್ತಿದ್ದವನು ಮನೆಗೆ ಓಡಿದ. ಜನ ಬೈರಪ್ಪನ ತಲೆಗೆ ಟವಲ್ ಸುತ್ತುವಷ್ಟರಲ್ಲಿ ಕೈಯಲ್ಲಿ ಮಚ್ಚು ಹಿಡಿದು ವಾಪಸ್ ಬಂದ. ಕೆಂಪರಾಜುವಿನ ಕಡೆಯ ನಾಲ್ಕು ಜನ ಕುರ್ಚಿ ಎತ್ತಿಕೊಂಡರು. ಅಂಕಯ್ಯನವರು ಹಾರ್ಮೋನಿಯಂ ಬಿಟ್ಟು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. ಯೋಚನೆ ಮಾಡಿ ನಿಂತದ್ದಲ್ಲ.

"ದಾರಿ ಬುಡಿ ಮೇಷ್ಟ್ರೇ!" ಅಶ್ವಥ್ ಕಿರುಚಿದ.

"ಕೆಂಪರಾಜಣ್ಣಂಗೆ ಹೊಡೀ ಅಂದೋನು ನಾನು ಕಣಪ್ಪ."

"ಏನಂದ್ರಿ?"

"ಅವರಪ್ಪನ್ನ ನೆನೆಸ್ಕೊಂಡು ಕೋಲೆತ್ತು ಅಂತ ಈಗ ಹೊರಗಡೆ ನಾನೇ ಹೇಳ್ಕೊಟ್ಟು ಕರ್ಕೊಂಡ್ ಬಂದೆ. ನನ್ನ ಸೀನು ಚೆನ್ನಾಗ್ ಬರ್ಲಿ ಅಂತ. ತಪ್ಪು ನಂದು. ಹೊಡಿಯೋದಾದ್ರೆ ನನಗೆ ಹೊಡಿ."

ಅಶ್ವಥ್ ಮೇಷ್ಟ್ರ ಮುಖ ನೋಡಿದ, ಹಿಂದೆ ಕೂತಿದ್ದ ಅಪ್ಪನನ್ನು ನೋಡಿದ. ಅಷ್ಟರಲ್ಲಿ ಬೈರಪ್ಪನೇ ಟವಲಿನ ಕೆಳಗಿನಿಂದ ಗದರಿದ: "ಲೇ, ಮಚ್ಚು ಕೆಳಗ್ ಆಕ್ಲಾ. ಮೊದ್ಲು ಗಾಡಿ ತಕ್ಕೊಂಡ್ ಬಾ. ನೋಯ್ತಾ ಐತೆ ನನಗೆ."

ಆಸ್ಪತ್ರೆಗೆ ಅಂಕಯ್ಯನವರೂ ಹೋದರು. ಹನ್ನೆರಡು ಹೊಲಿಗೆ ಬಿದ್ದವು. ಡಾಕ್ಟರು ಸ್ಕ್ಯಾನ್ ನೋಡಿ, ಒಳಗೆ ಏನೂ ಆಗಿಲ್ಲ, ಆದರೆ ಒಂದು ತಿಂಗಳು ಕೂಗಬಾರದು, ಜೋರಾಗಿ ಹಾಡಬಾರದು ಅಂದರು. ಬೆಳಗ್ಗೆ ಪೊಲೀಸಿನವರು ಬಂದು ಹೇಳಿಕೆ ತೆಗೆದುಕೊಳ್ಳುವ ಮುಂಚೆ ಮೇಷ್ಟ್ರು ಬೈರಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅವರಿಗೆ ಕಣ್ಣೆತ್ತಿ ನೋಡಲು ಆಗುತ್ತಿರಲಿಲ್ಲ. ತನ್ನ ಗುರು ಬರೆದದ್ದು ಯಾರೂ ಕೆಟ್ಟವರಿಲ್ಲದ ಕಥೆ; ಒಬ್ಬೊಬ್ಬರಿಗೂ ಒಂದೊಂದು ನೋವು, ಅದನ್ನು ಊರಿಗೆಲ್ಲ ಹೇಳುತ್ತಾರೆ, ಹೇಳಬೇಕಾದವನೊಬ್ಬನಿಗೆ ಮಾತ್ರ ಹೇಳುವುದಿಲ್ಲ. ಹದಿನಾಲ್ಕು ಸಲ ಕಲಿಸಿದರೂ ಅದು ತನ್ನ ತಲೆಗೆ ಹತ್ತಿರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಗಿತ್ತು.

ಬೈರಪ್ಪ ಮೆಲ್ಲಗೆ ಕೇಳಿದ: "ಕೆಂಪ ನಿಮ್ತಾವ ಏನಂದಿದ್ದ, ಅವರಪ್ಪನ ವಿಷ್ಯ?"

"ನನ್ತಾವ ಏನೂ ಅನ್ನಲಿಲ್ಲ. ಬಸ್ಸಲ್ಲಿ ಜನ ಆಡ್ಕೊಂಡಿದ್ದು ಕೇಳಿದ್ದೆ. ನೀವು ಬೀಗ ತೆಗೀನಿಲ್ಲ ಅಂತ."

ಬೈರಪ್ಪ ಮೇಲಿನ ಫ್ಯಾನು ನೋಡುತ್ತ ಮಲಗಿದ್ದ. "ಅವತ್ತು ನಾನು ಊರಲ್ಲೇ ಇರ್ನಿಲ್ಲ ಮೇಷ್ಟ್ರೇ. ಗೂಡು ಹಾಕೋಕೆ ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಬೀಗದ ಕೈ ಜೇಬಲ್ಲೇ ಇತ್ತು. ಸಾಯಂಕಾಲ ಬಂದು ನೋಡ್ತೀನಿ, ಚಿಕ್ಕಪ್ಪ ಹೋಗ್ಬುಟ್ಟವ್ರೆ. ನನ್ನ ಎತ್ತಿ ಆಡಿಸಿದ ಚಿಕ್ಕಪ್ಪ ಕನ್ರೀ ಅದು."

"ನೀವು ಕೆಂಪರಾಜಣ್ಣಂಗೆ ಇದನ್ನ ಯೋಳ್ನಿಲ್ವಾ?"

"ಹೆಣದ ಮುಂದೆ ಹೋಗಿ ಏನ್ ಅಂತ ಯೋಳ್ಳಿ?"

ಪೊಲೀಸಿನವರು ಬಂದಾಗ ಬೈರಪ್ಪ, ಅಭ್ಯಾಸ ಮಾಡುವಾಗ ಕಾಲು ಜಾರಿ ಬಿದ್ದೆ, ಕಂಬ ತಾಗಿತು ಎಂದು ಬರೆಸಿದ.

ನಾಟಕಕ್ಕೆ ಇನ್ನು ಇಪ್ಪತ್ತಮೂರು ದಿನ ಉಳಿದಿತ್ತು. ಕನಕಪುರದಲ್ಲಿ ಹಾಲ್ ಬುಕ್ಕಾಗಿತ್ತು, ಪಾತ್ರಧಾರಿಗಳ ಫೋಟೋ ಹಾಕಿದ ಪಾಂಪ್ಲೆಟ್ ಅಚ್ಚಾಗಿ ಊರೂರಿಗೆ ಹಂಚಿಯಾಗಿತ್ತು. ಅಂಕಯ್ಯನವರು ಎಲ್ಲರ ಮುಂದೆ ಕೈಮುಗಿದು, ತಾನು ಬಿಟ್ಟುಬಿಡುತ್ತೇನೆ, ಬೇರೆ ಮೇಷ್ಟ್ರನ್ನು ನೋಡಿಕೊಳ್ಳಿ ಅಂದರು. ಬೇಡವೆಂದದ್ದು ಬೈರಪ್ಪನೇ. "ನಾಟ್ಕ ನಿಂತ್ರೆ ಜಗಳ ನಿಲ್ತದಾ? ಆಡ್ಬುಡಾಣ." ಆದರೆ ಒಂದು ತೊಡಕಿತ್ತು. ಅಣ್ಣನ ಪಾತ್ರಕ್ಕೆ ಹನ್ನೊಂದು ಹಾಡು, ಎಲ್ಲವೂ ಏರುದನಿಯವು. ತಮ್ಮನ ಪಾತ್ರಕ್ಕೆ ಮೂರೇ, ಅವೂ ತಗ್ಗುದನಿಯವು. ಹೊಲಿಗೆ ಬಿದ್ದ ಬೈರಪ್ಪ ಅಣ್ಣನಾಗುವಂತಿರಲಿಲ್ಲ. ಅಷ್ಟು ದಿನದಲ್ಲಿ ಹೊಸಬರು ಯಾರೂ ಕಲಿಯುವಂತಿರಲಿಲ್ಲ. ಏಳು ವಾರ ಎದುರು ನಿಂತು ಕೇಳಿ ಅಣ್ಣನ ಪಾತ್ರ ಪೂರ್ತಿ ಕಿವಿಯಲ್ಲಿಟ್ಟುಕೊಂಡವನು ಊರಿನಲ್ಲಿ ಒಬ್ಬನೇ.

ಮೇಷ್ಟ್ರು ಟೊಮೆಟೊ ತೋಟಕ್ಕೆ ಹುಡುಕಿಕೊಂಡು ಹೋದರು. ಕೆಂಪರಾಜು ಗಿಡಗಳಿಗೆ ಕಡ್ಡಿ ಕಟ್ಟುತ್ತಿದ್ದ. ನಾಲ್ಕು ದಿನದಲ್ಲೇ ಮುಖ ಇಳಿದುಹೋಗಿತ್ತು.

"ನಾನ್ ಬರಾಕಿಲ್ಲ ಮೇಷ್ಟ್ರೇ. ಯಾವ ಮುಖ ಇಟ್ಕೊಂಡ್ ಬರ್ಲಿ?"

"ಬೈರಪ್ಪೋರು ಪೊಲೀಸ್ನೋರಿಗೆ ಕಾಲು ಜಾರ್ತು ಅಂದವ್ರೆ."

ಕೆಂಪರಾಜುವಿನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. "ಯಾಕಂತೆ?"

"ನನ್ನ ಕೇಳಿದ್ರೆ? ಅವ್ರನ್ನೇ ಕೇಳಿ. ಪಾತ್ರ ಬದ್ಲಾಯಿಸ್ಕೋಬೇಕು. ಅವ್ರು ನಿಮಗೆ ಕಲಿಸ್ಬೇಕು, ನೀವು ಅವ್ರಿಗೆ ಕಲಿಸ್ಬೇಕು. ಈ ಸಲ ನಾನು ಬರೀ ಹಾರ್ಮೋನಿಯಂ ಒತ್ತೋನು."

ಮೊದಲ ಎರಡು ಸಂಜೆ ಇಬ್ಬರೂ ಮೇಷ್ಟ್ರ ಕಡೆ ತಿರುಗಿಯೇ ಮಾತಾಡಿದರು. 'ಅವ್ರಿಗೆ ಯೋಳಿ, ಆ ಸಾಲು ಎಳೀಬಾರ್ದು ಅಂತ.' 'ಅವ್ರಿಗೆ ಯೋಳಿ, ಗೊತ್ತಾಯ್ತು ಅಂತ.' ಮೂರನೆಯ ಸಂಜೆ ಬೇಸತ್ತು ನೇರವಾಗಿ ಶುರುಮಾಡಿದರು. ಬೈರಪ್ಪ ಗೋಡೆಗೊರಗಿ ಕೂತು, ತಲೆಗೆ ಬಟ್ಟೆ ಕಟ್ಟಿಕೊಂಡು, ಪಿಸುಮಾತಿನಂಥ ದನಿಯಲ್ಲಿ ಸಾಲು ಸಾಲಾಗಿ ಹೇಳಿಕೊಡುತ್ತಿದ್ದ.

ಕೊನೆಯ ಅಂಕದಲ್ಲಿ ಅಣ್ಣನ ಪಾತ್ರಕ್ಕೆ ಒಂದು ಮಾತಿತ್ತು. ಏಳು ವಾರದಲ್ಲಿ ಬೈರಪ್ಪ ಒಂದು ದಿನವೂ ಅದನ್ನು ಪೂರ್ತಿ ಆಡಿರಲಿಲ್ಲ. ನುಂಗಿಕೊಂಡು ಮುಂದಿನ ಹಾಡಿಗೆ ಹಾರಿಬಿಡುತ್ತಿದ್ದ. ಮರೆವು ಎಂದುಕೊಂಡು ಮೇಷ್ಟ್ರೂ ಬಿಟ್ಟಿದ್ದರು. ಆ ಸಂಜೆ ಕೆಂಪರಾಜು ಅಲ್ಲಿಗೆ ಬಂದು ನಿಂತ.

"ಮುಂದಿನ ಮಾತು ಏನಣ್ಣ? ಅದು ನನಗೆ ಒಂದ್ ಸಲಾನೂ ಕೇಳ್ಸಿಲ್ಲ."

'ಅಣ್ಣ' ಎಂದದ್ದು ಹನ್ನೊಂದು ವರ್ಷದ ಮೇಲೆ. ಬೈರಪ್ಪ ಒಂದೊಂದೇ ಪದವನ್ನು ಬಿಡಿಸಿ ಹೇಳಿದ: "ತಮ್ಮಾ, ತೂಬಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ನೀನು ಕೂಗಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಓಡಿ ಬರುತ್ತಿದ್ದೆ."

ಕೆಂಪರಾಜು ಆ ಮಾತನ್ನು ತಿರುಗಿ ಹೇಳಲಿಲ್ಲ. "ಇದು ನಾಟ್ಕದ್ದಾ, ನಿಂದಾ?" ಅಂದ.

"ಎಲ್ಡೂ ಅದೇ ಕಣ್ಲಾ. ನಾನು ಅವತ್ತು ರಾಮನಗರದಲ್ಲಿದ್ದೆ."

ಹಾರ್ಮೋನಿಯಂ ನಿಂತಿತ್ತು. ಕೆಂಪರಾಜು ಟವಲಿನಿಂದ ಮುಖ ಒತ್ತಿಕೊಂಡು ಕೂತ. ಅದರ ಒಳಗಿನಿಂದಲೇ ಅಂದ: "ನಾನೂ ಗಾಳಿ ನೋಡ್ಕೊಂಡೇ ಔಷಧಿ ಹೊಡ್ದಿದ್ದು ಕನಣ್ಣ. ಅರ್ಧ ಹೊಲ ಆದ್ಮೇಲೆ ತಿರುಕ್ಕೊಂಡ್ಬುಡ್ತು. ನಿನ್ ಹುಳಕ್ಕೆ ಅಂತ ಹೊಡೀನಿಲ್ಲ. ನಮ್ಮಪ್ಪನಾಣೆ."

ಮೇಷ್ಟ್ರು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಒಳಗೆ ಆ ಇಬ್ಬರು ಏನೇನು ಮಾತಾಡಿಕೊಂಡರೋ ಅವರು ಕೇಳಿಸಿಕೊಳ್ಳಲಿಲ್ಲ, ಮುಂದೆಂದೂ ವಿಚಾರಿಸಲೂ ಇಲ್ಲ. ಮುನಿಶಾಮಯ್ಯ ಪಕ್ಕದ ಅಂಗಡಿಯಿಂದ ಟೀ ತರಿಸಿಕೊಟ್ಟ. ಸಕ್ಕರೆ ಜಾಸ್ತಿಯಾಗಿದ್ದ ಆ ಟೀಯನ್ನು ಮೇಷ್ಟ್ರು ಪೂರ್ತಿ ಕುಡಿದರು.

ನಾಟಕ ಭಾನುವಾರ ಬೆಳಗ್ಗೆ ಹತ್ತೂವರೆಗೆ ಕನಕಪುರದಲ್ಲಿ ನಡೆಯಿತು. ಪಾಂಪ್ಲೆಟ್ಟಿನಲ್ಲಿ ಅಣ್ಣನೆಂದು ಅಚ್ಚಾಗಿದ್ದವನು ತಮ್ಮನಾಗಿ, ತಮ್ಮನೆಂದು ಅಚ್ಚಾಗಿದ್ದವನು ಅಣ್ಣನಾಗಿ ಬಂದದ್ದು ಕಂಡು ಮುಂದೆ ಕೂತಿದ್ದ ಹೆಂಗಸರು ಗೊಂದಲಕ್ಕೆ ಬಿದ್ದರು. "ಯಾರು ಯಾರಿಗೆ ಅಣ್ಣಾಂತ ಒಸಿ ಮೈಕಲ್ಲಿ ಯೋಳ್ರಪ್ಪೋ!" ಎಂದು ಒಬ್ಬಾಕೆ ಕೂಗಿದಳು. ಬೈರಪ್ಪನ ಹಣೆಯ ಗಾಯವನ್ನು ಕಿರೀಟ ಮುಚ್ಚಿತ್ತು. ಕತ್ತಿವರಸೆಯಲ್ಲಿ ಇಬ್ಬರೂ ಎಷ್ಟು ಹುಷಾರಾಗಿ ಬೀಸಿದರೆಂದರೆ, ಹಿಂದಿನ ಸಾಲಿನಿಂದ ಯಾರೋ ನಕ್ಕರು. ಅಂಕಯ್ಯನವರ ಇಡೀ ಜನ್ಮದಲ್ಲಿ ಅಷ್ಟು ಸಪ್ಪೆ ಕಾಳಗವನ್ನು ಅವರು ಕಲಿಸಿರಲಿಲ್ಲ. ಅವರಿಗೆ ಅದು ಚಿನ್ನದಂತೆ ಕಂಡಿತು.

ತಂಗಿಯ ಪಾತ್ರಕ್ಕೆ ರಾಮನಗರದಿಂದ ಬಂದಿದ್ದ ಕಲಾವಿದೆ ಭಾನುಪ್ರಿಯ ಚಟ್ಟದ ಮೇಲೆ ಹೆಣವಾಗಿ ಮಲಗಿದ್ದಳು. ಅಣ್ಣ ತಮ್ಮ ಹೆಗಲು ಕೊಡಬೇಕಾದ ಹೊತ್ತಿಗೆ ಕೆಂಪರಾಜುವಿಗೆ ಬೀಗದ ಕೈಯ ಮಾತು ಹೊರಡಲೇ ಇಲ್ಲ. ಬೈರಪ್ಪ ಸಾಲು ಹೇಳಿಕೊಡಲು ಬಾಯಿ ತೆರೆದ; ಅವನಿಗೂ ಆಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಜನ ಅದನ್ನು ಅಭಿನಯವೆಂದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾರ್ಮೋನಿಯಂ ಪಕ್ಕದಲ್ಲೇ ಇದ್ದ ಚಟ್ಟದಿಂದ ಭಾನುಪ್ರಿಯ ತುಟಿ ಅಲ್ಲಾಡಿಸದೆ ಗೊಣಗಿದ್ದು ಮೇಷ್ಟ್ರಿಗೆ ಮಾತ್ರ ಕೇಳಿಸಿತು: "ಎತ್ರಪ್ಪ ಬೇಗ, ಬೆನ್ನು ಬಿದ್ದೋಯ್ತಾ ಐತೆ." ಅವರು ನಗು ತಡೆದುಕೊಂಡು ಮಂಗಳದ ಸ್ವರ ಹಿಡಿದರು.

ಆ ಎರಡು ಮನೆಯವರು ಹಾಲು ಜೇನಾದರು ಎಂದೇನೂ ಹೇಳುವಂತಿಲ್ಲ. ಅಶ್ವಥ್ ಇವತ್ತಿಗೂ ಕೆಂಪರಾಜುವಿನ ಜೊತೆ ಅಷ್ಟಕ್ಕಷ್ಟೇ. ಹೆಂಗಸರ ನಡುವೆ ಮಾತು ಇನ್ನೂ ಬೆಳೆದಿಲ್ಲ. ಆದರೆ ಆ ಗೇಟನ್ನು ಕಿತ್ತು ಬೈರಪ್ಪ ದನದ ಕೊಟ್ಟಿಗೆಗೆ ಹಾಕಿಸಿದ್ದಾನೆ. ಕೆಂಪರಾಜು ಔಷಧಿ ಹೊಡೆಯುವ ಹಿಂದಿನ ದಿನ ಫೋನ್ ಮಾಡುತ್ತಾನೆ, ಬೈರಪ್ಪ ಆ ಬದಿಯ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳುತ್ತಾನೆ. ಅಂಕಯ್ಯನವರಿಗೆ ಇಷ್ಟು ಸುದ್ದಿ ಬಸ್ಸಿನಲ್ಲೇ ಸಿಕ್ಕಿತು.

ಅವರು ಕಲಿಸುವುದನ್ನು ಬಿಟ್ಟಿಲ್ಲ. ಒಂದನ್ನು ಮಾತ್ರ ಬಿಟ್ಟಿದ್ದಾರೆ: ಯಾವ ಪಾತ್ರಧಾರಿಗೂ ಅವನ ಸ್ವಂತ ಗಾಯವನ್ನು ನೆನೆಸಿಕೊಳ್ಳಲು ಹೇಳುವುದಿಲ್ಲ. ರೋಷ ಕಡಿಮೆಯಾದರೆ ಆಗಲಿ, ತಾಳ ತಪ್ಪದಿದ್ದರೆ ಸಾಕು ಅನ್ನುತ್ತಾರೆ.

ಈ ವರ್ಷ ಮಾಗಡಿ ಕಡೆಯ ಒಂದು ಹಳ್ಳಿಯಿಂದ ಕರೆ ಬಂದಿದೆ. ಕರೆದವರು ಸ್ತ್ರೀಶಕ್ತಿ ಸಂಘದ ಹೆಂಗಸರು. ಗಂಡಸರ ಪಾತ್ರವನ್ನೂ ತಾವೇ ಮಾಡುತ್ತಾರಂತೆ. ಮಾಯಮ್ಮ ಎಂಬ ಐವತ್ತು ದಾಟಿದ ಹೆಂಗಸು ಪಾಳೆಯಗಾರನ ಪಾತ್ರ ಹಿಡಿದಿದ್ದಾಳೆ. ಮೊದಲ ದಿನವೇ, ಮೀಸೆ ಯಾವ ಕಡೆಗೆ ತಿರುವಬೇಕು ಎಂದು ಅವಳು ಕೇಳಿದಳಂತೆ. ಅದನ್ನು ಹೇಳಿ ಮೇಷ್ಟ್ರು ನಕ್ಕದ್ದಕ್ಕೆ ಮುನಿರತ್ನಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ನಾನೂ ಒಂದಿನ ಬತ್ತೀನಿ, ನೋಡೋಕೆ," ಅಂದಳು.

"ನೋಡೋಕ್ಯಾಕೆ? ಮಂತ್ರಿ ಪಾತ್ರ ಇನ್ನೂ ಖಾಲಿ ಐತೆ," ಅಂದರು ಅಂಕಯ್ಯನವರು.